ಹೊರಗಿನ ಮರಿಗಳ ಜೊತೆಗೆ ಬಂದ ರಕ್ತಭೇದಿ

ಮೂಡಿಗೆರೆ ತಾಲ್ಲೂಕಿನ ನಮ್ಮ ನಾಲ್ಕು ಎಕರೆ ಕಾಫಿ ತೋಟದಲ್ಲಿ ನಾಟಿ ಕೋಳಿಗಳು ಅಜ್ಜನ ಕಾಲದಿಂದಲೂ ಇದ್ದವು. ಆದರೆ ಅದನ್ನು ಸಾಕಣೆ ಎಂದು ಮನೆಯಲ್ಲಿ ಯಾರೂ ಕರೆದವರಲ್ಲ. ಹೇಂಟೆಗಳು ತಾವಾಗಿ ಕಾವಿಗೆ ಕೂತು, ಹತ್ತೋ ಹನ್ನೆರಡೋ ಮರಿ ಮಾಡಿಕೊಂಡು, ತರಗೆಲೆ ಕೆದರುತ್ತ ತೋಟವೆಲ್ಲ ಸುತ್ತುತ್ತಿದ್ದವು. ಅವುಗಳಲ್ಲಿ ಮೂರ್ನಾಲ್ಕು ಹದ್ದಿನ ಪಾಲು, ಮುಂಗುಸಿಯ ಪಾಲು. ಕೊಕ್ಕರೆ ರೋಗ ಹಬ್ಬಿದ ವರ್ಷ ಗೂಡೇ ಖಾಲಿಯಾದದ್ದೂ ಉಂಟು. ಆದರೆ ರಕ್ತಭೇದಿಯಿಂದ ಮರಿಗಳು ಸಾಲುಸಾಲಾಗಿ ಸತ್ತದ್ದನ್ನು 2021ರ ಮಳೆಗಾಲದವರೆಗೆ ನಾನು ಕಂಡಿರಲಿಲ್ಲ. ಆ ವರ್ಷ ಕಂಡದ್ದು ನನ್ನ ಕೈಯಾರೆ ಮಾಡಿಕೊಂಡದ್ದರಿಂದ.

ನಾಟಿ ಕೋಳಿಗೆ ಬೆಲೆ ಚೆನ್ನಾಗಿದೆಯೆಂಬ ಆಸೆಯಿಂದ ಆ ಜೂನ್‌ನಲ್ಲಿ ನಾಲ್ಕು ವಾರದ 200 ಮರಿಗಳನ್ನು ಇಬ್ಬರು ಮಾರಾಟಗಾರರಿಂದ ತಂದೆ. 120 ಮರಿಗಳು ಕಡೂರಿನ ಬಯಲು ಸೀಮೆಯಿಂದ ಬಂದವು, ಉಳಿದ 80 ಇನ್ನೂ ದೂರದಿಂದ. ಹಳೆಯ ದನದ ಕೊಟ್ಟಿಗೆಯನ್ನೇ ಗುಡಿಸಿ, ಕೈಗೆ ಸಿಕ್ಕಿದ ಕಾಫಿ ಹೊಟ್ಟನ್ನು ನೆಲಕ್ಕೆ ಹಾಸಿ, ಎಲ್ಲವನ್ನೂ ಒಟ್ಟಿಗೆ ಬಿಟ್ಟೆ. ಮಳೆ ಹೊಳವು ಕೊಟ್ಟಾಗ ಅವು ಅಂಗಳಕ್ಕೆ ಬಂದು, ಅಲ್ಲಿಯೇ ಮೇಯುತ್ತಿದ್ದ ನಮ್ಮ ಮನೆಯ ಹತ್ತು ವಾರದ 24 ಎಳೆಗೋಳಿಗಳ ಜೊತೆ ಬೆರೆಯುತ್ತಿದ್ದವು. ಎರಚಲು ಒಳಗೆ ಹೊಡೆದು ಹಾಸು ಒದ್ದೆಯಾಗುತ್ತಿತ್ತು. ಒಣಗಿಸಲು ಬಿಸಿಲೇ ಇರಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಹತ್ತಾರು ಮರಿಗಳು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೂಲೆಯಲ್ಲಿ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಹಾಸಿನ ಮೇಲೆ ಎಲೆಯಡಿಕೆ ಉಗುಳಿದಂತೆ ಕೆಂಪು ಹಿಕ್ಕೆ. ಅಮ್ಮ ಬಾಗಿಲಲ್ಲಿಯೇ ನಿಂತು, ‘ಮಳೆಗಾಲದಲ್ಲಿ ಇಷ್ಟು ಮರಿ ಒಂದೇ ಕಡೆ ಹಾಕ್ಬೇಡ ಅಂದಿದ್ದೆ ಕಣೋ’ ಎಂದರು. ಅವರು ಹಾಗೆ ಹೇಳಿದ್ದು ನಿಜ.

ಔಷಧದ ಅಂಗಡಿಯಿಂದ ಆಂಪ್ರೋಲಿಯಂ ಪುಡಿ ತಂದು ನೀರಿಗೆ ಹಾಕಿದೆ. ಜೊತೆಗೆ ಮರಿಗಳಿಗೆ ಶಕ್ತಿ ಬರಲಿ ಎಂದು ಬಿ-ಕಾಂಪ್ಲೆಕ್ಸ್ ಟಾನಿಕ್ಕನ್ನೂ ಅದೇ ನೀರಿಗೆ ಬೆರೆಸಿದೆ. ಇದು ಎಷ್ಟು ಮೂರ್ಖತನವೆಂದು ಆಮೇಲೆ ತಿಳಿಯಿತು. ಆಂಪ್ರೋಲಿಯಂನ ರಚನೆ ಬಿ1 ಜೀವಸತ್ವವಾದ ಥಯಾಮಿನ್ ಅನ್ನು ಹೋಲುತ್ತದೆ. ಕರುಳಿನಲ್ಲಿ ಬೆಳೆದು ರಕ್ತಭೇದಿ ತರುವ ಸೂಕ್ಷ್ಮ ಪರೋಪಜೀವಿಗೆ ಬೇಕಾದ ಥಯಾಮಿನ್ ಸಿಗದಂತೆ ಮಾಡುವುದೇ ಅದರ ಕೆಲಸ. ಆ ಜೀವಸತ್ವವನ್ನೇ ಧಾರಾಳವಾಗಿ ಕುಡಿಸಿದರೆ ಔಷಧದ ಬಲ ಕುಗ್ಗುತ್ತದೆ. ಅದು ಸಾಲದೆಂಬಂತೆ, ಅಂಗಳಕ್ಕೆ ಬಿಟ್ಟ ಕೋಳಿಗಳು ನನ್ನ ಔಷಧದ ನೀರನ್ನು ಮುಟ್ಟದೆ, ಮಾಡಿನಿಂದ ಸುರಿದು ಗುಂಡಿಯಲ್ಲಿ ನಿಂತ ಮಳೆನೀರನ್ನೇ ಕುಡಿಯುತ್ತಿದ್ದವು. ಮಲೆನಾಡಿನ ಜುಲೈ ತಿಂಗಳಲ್ಲಿ ಕೋಳಿಗೆ ನೀರಿನ ಮೂಲಕ ಔಷಧ ಕೊಡುವವರು ಮೊದಲು ಈ ಗುಂಡಿಗಳನ್ನು ನೆನೆಯಬೇಕು.

ನನ್ನನ್ನು ನಿಜಕ್ಕೂ ಗೊಂದಲಕ್ಕೆ ಕೆಡವಿದ್ದು ಮನೆಯ ಎಳೆಗೋಳಿಗಳು. ನಮ್ಮ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದು ಗಟ್ಟಿಯಾಗಿದ್ದ ಅವು ಒಂದು ವಾರದ ನಂತರ ತಾವೂ ಮಂಕಾದವು. ಸತ್ತ ಮೂರು ಹಕ್ಕಿಗಳನ್ನೂ ನರಳುತ್ತಿದ್ದ ಎರಡನ್ನೂ ಬುಟ್ಟಿಗೆ ಹಾಕಿಕೊಂಡು ಬೇಲೂರಿನ ಮೂಲಕ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋದೆ. ಅಲ್ಲಿ ಕೊಯ್ದು ನೋಡಿದ್ದನ್ನು ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಹೊರಗಿನಿಂದ ತಂದ ಮರಿಯ ಎರಡೂ ಕುರುಡುಗರುಳುಗಳು, ಅಂದರೆ ಕರುಳಿನ ಕೊನೆಯ ಕಡೆ ಇರುವ ಚೀಲಗಳು, ಕಳಿತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿದ್ದವು. ಕತ್ತರಿ ತಾಗಿದೊಡನೆ ಹೆಪ್ಪುಗಟ್ಟಿದ ರಕ್ತ ಹೊರಬಿತ್ತು. ನಮ್ಮ ಎಳೆಗೋಳಿಯಲ್ಲಿ ಕುರುಡುಗರುಳು ಸರಿಯಾಗಿಯೇ ಇತ್ತು, ಆದರೆ ನಡುಗರುಳು ಬಲೂನಿನಂತೆ ಉಬ್ಬಿ, ಹೊರಮೈಯ ಮೇಲೆಲ್ಲ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ, ಕೆಂಪು ಚುಕ್ಕೆಗಳು ಹರಡಿದ್ದವು. ರಕ್ತಭೇದಿಯ ಪರೋಪಜೀವಿಯ ಹೆಸರು ಐಮೀರಿಯಾ; ಮೊದಲನೆಯದು ಐಮೀರಿಯಾ ಟೆನೆಲ್ಲಾ, ಎರಡನೆಯದು ಐಮೀರಿಯಾ ನೆಕಾಟ್ರಿಕ್ಸ್ ಎಂದು ಅಲ್ಲಿನ ವೈದ್ಯರು ಹೇಳಿದರು. ‘ಟೆನೆಲ್ಲಾ ಎಳೆಯ ಮರಿಗಳನ್ನು ಹಿಡಿಯುತ್ತೆ, ನೆಕಾಟ್ರಿಕ್ಸ್ ಸ್ವಲ್ಪ ಬೆಳೆದವನ್ನು. ಒಂದಕ್ಕೆ ಬಂದ ರೋಗನಿರೋಧ ಇನ್ನೊಂದಕ್ಕೆ ಆಗಲ್ಲ’ ಎಂದರು.

ಆ ಒಂದು ಮಾತಿನಿಂದ ನನ್ನ ಗೊಂದಲ ಬಿಡಿಸಿಕೊಂಡಿತು. ರಕ್ತಭೇದಿಯೆಂದು ನಾವು ಒಂದೇ ಹೆಸರಿನಿಂದ ಕರೆಯುವ ರೋಗವನ್ನು ತರುವ ಐಮೀರಿಯಾ ಒಂದಲ್ಲ. ಕೋಳಿಯಲ್ಲಿ ಏಳು ಪ್ರಭೇದಗಳಿವೆಯೆಂದು ಬಹಳ ಕಾಲದಿಂದ ಎಣಿಸುತ್ತಿದ್ದರು, ಒಂದೊಂದಕ್ಕೂ ಕರುಳಿನಲ್ಲಿ ತನ್ನದೇ ಜಾಗ. ನನ್ನ ಮರಿಗಳು ಸತ್ತ 2021ರಲ್ಲಿಯೇ ಲಾಟಾ, ನಗಂಬಿ, ಜರಿಯಾ ಎಂಬ ಇನ್ನೂ ಮೂರನ್ನು ವಿಜ್ಞಾನಿಗಳು ಹೆಸರಿಟ್ಟು ಸೇರಿಸಿದ್ದಾರೆ. ಪ್ರಭೇದದ ಒಳಗೂ ಭಿನ್ನ ತಳಿಗಳಿವೆ: ಐಮೀರಿಯಾ ಮ್ಯಾಕ್ಸಿಮಾದಲ್ಲಿ ಒಂದು ಊರಿನ ತಳಿಗೆ ಗಟ್ಟಿಯಾದ ಕೋಳಿ ಇನ್ನೊಂದು ಊರಿನ ತಳಿಗೆ ಮತ್ತೆ ಬೀಳಬಹುದು. ನಮ್ಮ ಅಂಗಳದ ಕೋಳಿಗಳು ಗಟ್ಟಿಯಾಗಿದ್ದುದು ನಮ್ಮ ಅಂಗಳದ ಪರೋಪಜೀವಿಗಳಿಗೆ ಮಾತ್ರ. ನಾನು ಹಣ ಕೊಟ್ಟು ಎರಡು ಕಡೆಯಿಂದ ಬೇರೆಯವನ್ನು ಮನೆಗೆ ತಂದೆನೆಂದು ಈಗಲೂ ನಂಬಿದ್ದೇನೆ. ಬಯಲು ಸೀಮೆಯ ಮರಿಗಳು ಅಲ್ಲಿಯವರೆಗೆ ರೋಗ ತಡೆಯುವ ಔಷಧ ಬೆರೆಸಿದ ಆಹಾರ ತಿಂದು ಬೆಳೆದಿದ್ದವೆಂಬುದು ಮಾರಿದವರನ್ನು ಮತ್ತೆ ವಿಚಾರಿಸಿದಾಗ ಗೊತ್ತಾಯಿತು. ನಮ್ಮಲ್ಲಿ ಅವಕ್ಕೆ ಸಿಕ್ಕಿದ್ದು ಬರೀ ಜೋಳದ ನುಚ್ಚು, ಅಕ್ಕಿ ನುಚ್ಚು. ಔಷಧದ ತಡೆ ಒಮ್ಮೆಗೇ ತಪ್ಪಿತು.

ಮೂರು ವಾರಗಳಲ್ಲಿ ತಂದ ಮರಿಗಳಲ್ಲಿ 63, ಮನೆಯ ಎಳೆಗೋಳಿಗಳಲ್ಲಿ 7 ಹೋದವು.

ಮರುವರ್ಷ ಶುರುಮಾಡುವ ಮೊದಲು ಕಾವಿಗೆ ಕೂತ ಹೇಂಟೆ ಮಾಡುತ್ತಿದ್ದುದಕ್ಕೂ ನಾನು ಮಾಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಬಹಳ ಯೋಚಿಸಿದೆ. ಹಿಕ್ಕೆಯಲ್ಲಿ ಬೀಳುವ ಊಸಿಸ್ಟ್ ಎಂಬ ಮೊಟ್ಟೆಯಂತಹ ಕೋಶ ಬಿದ್ದ ಕೂಡಲೇ ರೋಗ ತರುವುದಿಲ್ಲ. ತೇವ, ಗಾಳಿ, ಹದವಾದ ಬಿಸಿ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಮಾಗುತ್ತದೆ. ಹೇಂಟೆ ತನ್ನ ಮರಿಗಳನ್ನು ದಿನಕ್ಕೊಂದು ಕಡೆ ಕರೆದೊಯ್ಯುವುದರಿಂದ ಅವಕ್ಕೆ ಮಾಗಿದ ಊಸಿಸ್ಟ್ ಒಂದೋ ಎರಡೋ ಕೊಕ್ಕಿಗೆ ಸಿಕ್ಕಿ, ಸ್ವಲ್ಪ ಸ್ವಲ್ಪವಾಗಿ ನಿರೋಧ ಬರುತ್ತದೆ. ಒದ್ದೆ ಹಾಸಿನ ಮೇಲೆ ಇನ್ನೂರು ಮರಿ ಕೂಡಿಹಾಕಿದರೆ ಅದೇ ಊಸಿಸ್ಟ್ ಸಾವಿರಗಟ್ಟಲೆ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಪರೋಪಜೀವಿಯನ್ನು ಬೇರುಸಹಿತ ತೆಗೆಯುವ ಹಟ ಬಿಟ್ಟು, ಮರಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಎಂಬುದನ್ನು ಹಿಡಿತಕ್ಕೆ ತರಲು ಹೊರಟೆ. ಅಂದಹಾಗೆ, ಫಿನಾಯಿಲ್ ಸುರಿದರೆ ಕೊಟ್ಟಿಗೆ ಶುದ್ಧವಾಯಿತೆಂದು ನಂಬಿದ್ದವರಲ್ಲಿ ನಾನೂ ಒಬ್ಬ. ಊಸಿಸ್ಟಿನ ಗೋಡೆಗೆ ಅದು ಲೆಕ್ಕಕ್ಕೇ ಇಲ್ಲ. ಈಗ ಬ್ಯಾಚ್ ಮುಗಿದ ಮೇಲೆ ನೆಲಕ್ಕೆ ಬೆಂಕಿ ಹಾಯಿಸುತ್ತೇನೆ.

ಹೊರಗಿನ ಮರಿಗಳಿಗೆ ತೋಟದ ಇಳಿಜಾರಿನ ತೀರಾ ಕೆಳಗೆ ಬೇರೆ ಗೂಡು ಕಟ್ಟಿಸಿದೆ. ಮೇಲೆ ಕಟ್ಟಿಸಿದ್ದರೆ ಮಳೆನೀರು ಹಿಕ್ಕೆಯನ್ನೆಲ್ಲ ಅಂಗಳಕ್ಕೆ ತೊಳೆದು ತರುತ್ತಿತ್ತು. ಆ ಗೂಡಿಗೆ ಬೇರೆ ಚಪ್ಪಲಿ, ಬೇರೆ ಬಕೆಟ್, ಬೇರೆ ಸಲಿಕೆ. ಮನೆಯ ಕೋಳಿಗಳ ಕೆಲಸ ಮುಗಿಸಿದ ನಂತರವೇ ಅಲ್ಲಿಗೆ ಹೋಗುವುದು. ಒಂದು ಸಲಕ್ಕೆ 40ಕ್ಕಿಂತ ಹೆಚ್ಚು ಮರಿ ತರುವುದಿಲ್ಲ, ಅದೂ ಮೇ ತಿಂಗಳ ಮೊದಲೇ ಅಥವಾ ಮಳೆ ನಿಂತ ಮೇಲೆ. ಕಾಫಿ ಹೊಟ್ಟಿನ ಬದಲು ಭತ್ತದ ಹೊಟ್ಟು ಹಾಸಿ, ದಿನವೂ ಕೆದಕಿಸಿ, ನೀರಿನ ಪಾತ್ರೆಯ ಸುತ್ತ ಮುದ್ದೆಯಾದುದನ್ನು ಆಗಾಗ ತೆಗೆಸುತ್ತೇನೆ. ರಕ್ತ ಕಂಡರೆ ಮಾತ್ರ ಆಂಪ್ರೋಲಿಯಂ. ಶೇಕಡಾ 20ರ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಂನಂತೆ, ವೈದ್ಯರು ಹೇಳಿದಷ್ಟು ದಿನ, ಕೋಳಿಗಳನ್ನು ಒಳಗೇ ಕೂಡಿಟ್ಟು ಕೊಡುತ್ತೇನೆ. ಟಾನಿಕ್ ಏನಿದ್ದರೂ ಔಷಧ ಮುಗಿದ ಮೇಲೆ.

ಹಳೆಯ ಸೂಕ್ಷ್ಮದರ್ಶಕವೊಂದನ್ನು ಕೊಂಡದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಿಸಿನೀರಿಗೆ ಇನ್ನು ಕರಗದೆ ತಳದಲ್ಲಿ ಉಳಿಯುವಷ್ಟು ಉಪ್ಪು ಹಾಕಿ ಆರಿಸಿಟ್ಟುಕೊಳ್ಳುತ್ತೇನೆ. ಬೆಳಗಿನ ಹಿಕ್ಕೆ ಒಂದು ಚಮಚದಷ್ಟನ್ನು ಆ ನೀರಿನಲ್ಲಿ ಕದಡಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಸಣ್ಣ ಸೀಸೆಗೆ ಬಾಯಿಯವರೆಗೆ ತುಂಬಿ, ಮೇಲೊಂದು ತೆಳುಗಾಜು ಮುಚ್ಚಿ ಕಾಲು ಗಂಟೆ ಬಿಟ್ಟರೆ ಹಗುರವಾದವೆಲ್ಲ ತೇಲಿ ಬಂದು ಗಾಜಿಗೆ ಅಂಟುತ್ತವೆ. ಊಸಿಸ್ಟುಗಳು ಅಂಚು ಹೊಳೆಯುವ ಸಣ್ಣ ಬಿಲ್ಲೆಗಳಂತೆ ಕಾಣುತ್ತವೆ. ದುಂಡುಹುಳುವಿನ ಮೊಟ್ಟೆ ಅದಕ್ಕಿಂತ ಎರಡು ಪಟ್ಟಿಗೂ ದೊಡ್ಡದು. ಗಾತ್ರ ನೋಡಿ ಇದು ಇಂಥದೇ ಪ್ರಭೇದ ಎಂದು ಹೇಳಲು ನಾನು ಹೋಗುವುದಿಲ್ಲ. ಒಂದರ ಅಳತೆ ಇನ್ನೊಂದರೊಳಗೆ ಸೇರಿಕೊಳ್ಳುವುದರಿಂದ ಅದಕ್ಕೆ ಪಿಸಿಆರ್ ಪರೀಕ್ಷೆಯೇ ಬೇಕು. ವಾರದಿಂದ ವಾರಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಷ್ಟೇ ನನಗೆ ಸಾಕು. ಏರಿಳಿದು ಕೊನೆಗೆ ತಗ್ಗಿಯೇ ನಿಂತರೆ ಆ ಗುಂಪಿಗೆ ನಿರೋಧ ಬಂದಿದೆಯೆಂದು ಭಾವಿಸಿ, ಐದಾರು ಮರಿಗಳನ್ನು ಮಾತ್ರ ಮೊದಲು ಮನೆಯ ಕೋಳಿಗಳ ಜೊತೆ ಬಿಟ್ಟು ಹತ್ತು ದಿನ ಕಾಯುತ್ತೇನೆ.

ಲಾಡಿಹುಳು ಮಾತ್ರ ಈ ಉಪ್ಪುನೀರಿಗೆ ಸರಿಯಾಗಿ ಸಿಗುವುದಿಲ್ಲ. ಕಾಫಿ ಕುಯ್ಲಿನ ದಿನಗಳಲ್ಲಿ ಹೇಂಟೆಗಳು ಇಡುವ ಮೊಟ್ಟೆ ಕಡಿಮೆಯಾಯಿತೆಂದು ಪೈಪರಜೀನ್ ಎಂಬ ಹುಳುವಿನ ಔಷಧ ಕೊಟ್ಟು ನಿಶ್ಚಿಂತನಾಗಿದ್ದವನಿಗೆ, ಅಡುಗೆಗೆ ಕೊಯ್ದ ಹೇಂಟೆಯ ಕರುಳಿನಲ್ಲಿ ಬಿಳಿ ಲಾಡಿಗಳು ಸಿಕ್ಕಿದವು. ಪೈಪರಜೀನ್ ದುಂಡುಹುಳುವಿಗಷ್ಟೇ ಆಗುವ ಔಷಧ. ಈ ಲಾಡಿಹುಳು ಇರುವೆ, ಜೀರುಂಡೆಗಳ ಮೂಲಕ ಬರುವಂಥದ್ದು. ಕಾಫಿ ಗಿಡಗಳ ಬುಡದಲ್ಲಿ ಇರುವೆಗೆ ಬರವೇ? ಅದಕ್ಕೆ ಬೇರೆ ಔಷಧವನ್ನು ವೈದ್ಯರಿಂದ ಬರೆಸಿಕೊಂಡು ಕೊಟ್ಟೆ. ಕೋಳಿಯನ್ನು ತೋಟಕ್ಕೆ ಬಿಡುವವರೆಗೆ ಅದು ಮತ್ತೆ ಬರುತ್ತದೆ, ಮತ್ತೆ ಕೊಡಬೇಕಾಗುತ್ತದೆ.

ಈ ಸಲ ತಂದ 38 ಮರಿಗಳು ಕೆಳಗಿನ ಗೂಡಿನಲ್ಲಿವೆ, ಇಂದಿಗೆ ಹದಿನಾರು ದಿನ. ಎಂಟನೆಯ ದಿನ ಗಾಜಿನ ತುಂಬ ಕಂಡ ಊಸಿಸ್ಟುಗಳು ನಿನ್ನೆ ಹುಡುಕಿದರೆ ಒಂಬತ್ತು. ಒಂದು ಮರಿಯ ಬಾಲದ ಗರಿಗೆ ಮೆತ್ತಿದ ಕಂದು ಹಿಕ್ಕೆ ನೋಡಿ ಅಮ್ಮ ಇನ್ನೂ ಒಂದು ವಾರ ಇರಲಿ ಎಂದಿದ್ದಾರೆ. ಮೇಲಿನ ಅಂಗಳಕ್ಕೆ ಅವನ್ನು ಇನ್ನೂ ಬಿಟ್ಟಿಲ್ಲ.