ಉಗ್ಗಿನ ಅಧ್ಯಯನಕ್ಕೆ ಮಾತು ಕೊಟ್ಟೆ

ನಮ್ಮೂರು ಕಡೂರು. ಕಾಲೇಜಿನ ದಿನಗಳಲ್ಲಿ ಅರಸೀಕೆರೆಯಿಂದ ಬರುವಾಗ ಎಷ್ಟೋ ಸಲ ಬೀರೂರಿಗೆ ಟಿಕೆಟ್ ತಗೊಂಡು ಕಡೂರಲ್ಲಿ ಇಳಿದಿದ್ದೇನೆ. ಕಂಡಕ್ಟರ್ ಎದುರು ಬಂದು ನಿಂತರೆ ‘ಕ’ ಗಂಟಲಲ್ಲೇ ಕಚ್ಚಿಕೊಳ್ಳುತ್ತಿತ್ತು. ‘ಬೀ’ ಸಲೀಸು. ದುಡ್ಡು ಜಾಸ್ತಿ ಹೋದರೆ ಹೋಗಲಿ, ಹಿಂದಿನ ಸೀಟಿನವರು ನಗದಿದ್ದರೆ ಸಾಕಿತ್ತು.

ಚಿಕ್ಕವನಿದ್ದಾಗ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದರು. ನಾಲಿಗೆ ದಪ್ಪ ಅಂದವರಿದ್ದರು, ಹೆದರಿಕೆ ಅಂದವರಿದ್ದರು. ಎರಡೂ ಕಾರಣವಲ್ಲ ಎಂದು ತಿಳಿದದ್ದು ಮೈಸೂರಿನ ಆಯಿಷ್‌ನಲ್ಲಿ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಓದಿ ಬಂದ ಸ್ಪೀಚ್ ಥೆರಪಿಸ್ಟ್ ಒಬ್ಬರಿಂದ. ಉಗ್ಗು ಹೆಚ್ಚಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ತಾನಾಗೇ ಬಿಟ್ಟುಹೋಗುತ್ತದೆ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಳಿದುಕೊಳ್ಳುತ್ತದೆ. ಆ ಒಬ್ಬರಲ್ಲಿ ನಾನೂ ಒಬ್ಬ. ‘ಉಗ್ಗಿಗೆ ಥೆರಪಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡುವ ಒಂದು ಅಧ್ಯಯನಕ್ಕೆ ಜನ ಬೇಕಿದ್ದಾರೆ, ಬರ್ತೀರಾ?’ ಎಂದು ಕೇಳಿದವರೂ ಅವರೇ.

ಮೊದಲ ದಿನ ಒಪ್ಪಿಗೆ ಪತ್ರ ಕೊಟ್ಟರು. ಸುಮ್ನೆ ಸಹಿ ಹಾಕಬೇಡಿ, ಪೂರ್ತಿ ಓದಿ. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಎಂದು ಅದರಲ್ಲಿ ಬರೆದಿರಲೇಬೇಕು. ವಿಡಿಯೋ ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ನಾನು ಕೇಳಿದೆ. ತರಗತಿಯಲ್ಲಿ ತೋರಿಸುವುದು ಬೇಡ ಅಂದೆ, ಒಪ್ಪಿದರು. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಅನಾಥಾಶ್ರಮದ ಮಕ್ಕಳ ಮೇಲೆ ಉಗ್ಗಿನ ಪ್ರಯೋಗ ನಡೆಯಿತು. ಸರಿಯಾಗಿ ಮಾತಾಡುತ್ತಿದ್ದ ಮಕ್ಕಳಿಗೂ ‘ನೀನು ಉಗ್ಗುತ್ತೀಯ’ ಎಂದು ಹೇಳಿ ಏನಾಗುತ್ತದೆ ಎಂದು ನೋಡಿದರು. ವಿಷಯ ಏನೆಂದು ಆ ಮಕ್ಕಳಿಗೆ ಯಾರೂ ಹೇಳಲಿಲ್ಲ. ಪ್ರಯೋಗ ನಡೆಸಿದ್ದ ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಒಪ್ಪಿಗೆ ಪತ್ರ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉತ್ತರ ನನಗೆ ಬೇಕಿಲ್ಲ.

ಆಮೇಲೆ ರೆಕಾರ್ಡಿಂಗ್. ಹತ್ತು ನಿಮಿಷ ಮಾತು, ಒಂದು ಪುಟ ಓದು. ನೂರು ಅಕ್ಷರಕ್ಕೆ ಎಷ್ಟು ಕಡೆ ತಡೆಯಿತು ಎಂದು ಲೆಕ್ಕ ಹಾಕುತ್ತಾರೆ. ಬರೀ ಧ್ವನಿ ಸಾಲದು, ವಿಡಿಯೋ ಬೇಕು. ಯಾಕೆಂದರೆ ನನ್ನಂಥವರ ಉಗ್ಗು ಕಿವಿಗೆ ಬೀಳುವುದೇ ಇಲ್ಲ. ದವಡೆ ಬಿಗಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಸದ್ದು ಮಾತ್ರ ಇಲ್ಲ. ಧ್ವನಿ ಕೇಳುವವರಿಗೆ ಅದು ಯೋಚನೆ ಮಾಡುತ್ತಿರುವ ಹಾಗೆ ಅನ್ನಿಸುತ್ತದೆ.

ಓದುವಾಗ ಚೆನ್ನಾಗಿ ಉಗ್ಗಿದೆ. ಮಾತಾಡುವಾಗ ಹೆಚ್ಚು ಕಡಿಮೆ ಉಗ್ಗಲೇ ಇಲ್ಲ. ಸಂಶೋಧಕಿ ಮೇಡಂಗೆ ಆಶ್ಚರ್ಯವಾಯಿತು. ನನಗೆ ಕಾರಣ ಗೊತ್ತಿತ್ತು. ಊರು ಯಾವುದು ಎಂದರೆ ‘ಚಿಕ್ಕಮಗಳೂರು ಜಿಲ್ಲೆ’ ಅಂದಿದ್ದೆ. ‘ಕೆಲಸ’ದ ಬದಲು ‘ಡ್ಯೂಟಿ’, ‘ಕಾಫಿ’ಯ ಬದಲು ‘ಬಿಸಿ ಏನಾದರೂ’. ಬಸ್ಸಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದ್ದೆ. ಓದುವಾಗ ಪದ ಬದಲಿಸಲು ದಾರಿ ಇರಲಿಲ್ಲ, ಅಷ್ಟೇ.

ಮನೆಗೆ ಬಂದು ನಿದ್ದೆ ಬರಲಿಲ್ಲ. ಶುರುವಿನ ಅಳತೆಯೇ ಸುಳ್ಳಾದರೆ ಕೊನೆಯ ಅಳತೆಗೆ ಏನು ಬೆಲೆ, ಅಲ್ವಾ? ಮಾರನೇ ದಿನ ಹೋಗಿ ಹೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೊಂದು ರೆಕಾರ್ಡಿಂಗ್ ಮಾಡಿಕೊಂಡರು. ಎಷ್ಟು ಪದ ತಪ್ಪಿಸಿದಿರಿ ಎಂದೂ ಪ್ರತಿ ಸಲ ಕೇಳತೊಡಗಿದರು.

ಮೊದಲ ಮೂರು ತಿಂಗಳು ನನಗೆ ಥೆರಪಿಯೇ ಇರಲಿಲ್ಲ. ಥೆರಪಿ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಚೀಟಿ ಎತ್ತಿದ್ದರು, ನನಗೆ ಕಾಯುವ ಗುಂಪು ಬಂದಿತ್ತು. ಬೇಸರವಾಯಿತು. ಆದರೆ ಉಗ್ಗು ತಾನಾಗೇ ಏರುತ್ತದೆ, ಇಳಿಯುತ್ತದೆ. ಒಂದೇ ಪುಟವನ್ನು ಐದು ಸಲ ಓದಿದರೂ ಕಡಿಮೆಯಾಗುತ್ತದೆ. ಇನ್ನೊಬ್ಬರ ಜೊತೆ ಒಟ್ಟಿಗೆ ಓದಿದರಂತೂ ಮಾಯ. ಹೋಲಿಸಿ ನೋಡಲು ಒಂದು ಗುಂಪು ಇಲ್ಲದಿದ್ದರೆ ಥೆರಪಿಯಿಂದ ಎಷ್ಟು ಆಯಿತು ಎಂದು ಗೊತ್ತಾಗುವುದು ಹೇಗೆ?

ನಂತರ ಅಕ್ಷರ ಎಳೆದು, ಮೆಲ್ಲಗೆ ಶುರುಮಾಡಿ ಮಾತಾಡುವುದನ್ನು ಕಲಿಸಿದರು. ರೂಮಿನೊಳಗೆ ನೀರು ಹರಿದ ಹಾಗೆ ಬಂತು. ಅಂಗಡಿಯಲ್ಲಿ ಅರ್ಧ. ಥೆರಪಿ ಮುಗಿದು ನಾಲ್ಕು ತಿಂಗಳಿಗೆ, ಆಫೀಸಿನಲ್ಲಿ ಒತ್ತಡ ಬಂದಾಗ, ಮುಕ್ಕಾಲು ಪಾಲು ಹಳೇ ಉಗ್ಗು ವಾಪಸ್. ಆಮೇಲೆ, ಥೆರಪಿ ಮುಗಿದ ಆರು ತಿಂಗಳಿಗೆ ಮಾಡುವ ರೆಕಾರ್ಡಿಂಗ್‌ಗೆ ಫೋನ್ ಬಂತು. ನಾನು ಎತ್ತಲಿಲ್ಲ. ಅಷ್ಟು ಕಷ್ಟಪಟ್ಟು ಕಲಿಸಿದವರ ಮುಂದೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಎರಡು ದಿನ ಹಾಗೇ ಕಳೆಯಿತು. ನನ್ನ ಹಾಗೆ ಉಗ್ಗು ಮರಳಿದವರೆಲ್ಲ ಫೋನ್ ಎತ್ತದಿದ್ದರೆ? ಚೆನ್ನಾಗಿರುವವರು ಮಾತ್ರ ಹೋಗುತ್ತಾರೆ. ಥೆರಪಿಯ ಫಲ ಎಲ್ಲರಲ್ಲೂ ಉಳಿದಿದೆ ಎಂದು ಲೆಕ್ಕ ಬರುತ್ತದೆ. ನಾಳೆ ಇನ್ನೊಬ್ಬ ಹುಡುಗನಿಗೆ ಉಗ್ಗು ಮರಳಿದಾಗ ಅವನು ತಪ್ಪು ತನ್ನದೇ ಅಂದುಕೊಳ್ಳುತ್ತಾನೆ. ನಾನೇ ಫೋನ್ ಮಾಡಿದೆ.

ಕ್ಯಾಮೆರಾ ಆನ್ ಆಯಿತು. ‘ನಿಮ್ಮ ಊರು ಯಾವುದು?’

‘ಕ’ ಹಿಡಿಯಿತು. ಬೀರೂರು ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಕಣ್ಣು ಮುಚ್ಚಿತು, ದವಡೆ ಬಿಗಿಯಿತು, ಆರೇಳು ಸೆಕೆಂಡ್ ಹೋಗಿರಬೇಕು. ಮೇಡಂ ನನ್ನ ಮುಖ ನೋಡುತ್ತಾ ಕಾದರು. ಕಡೂರು ಅಂದೆ. ಅವರು ಹಾಳೆಯಲ್ಲಿ ಒಂದು ಗೆರೆ ಎಳೆದುಕೊಂಡು ಮುಂದಿನ ಪ್ರಶ್ನೆ ಕೇಳಿದರು.