ಎಕ್ಸ್‌ಟ್ರಾ ಲೈಟ್ ಹಾಕಿಸ್ತೀರಾ? ಹೆಡ್‌ಲೈಟ್ ವೈರ್ ಕತ್ತರಿಸಬೇಡಿ

ಕಬ್ಬಿನ ಸೀಸನ್‌ನಲ್ಲಿ ಮುಧೋಳ–ಜಮಖಂಡಿ ಕಡೆ ರಾತ್ರಿ ಬೈಕ್ ಓಡಿಸುವವರಿಗೆ ಗೊತ್ತು, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಹತ್ತಿರ ಬರುವವರೆಗೂ ಕಾಣಿಸುವುದಿಲ್ಲ. ಅದಕ್ಕೇ ನಾನೂ ಎಲ್‌ಇಡಿ ಲೈಟ್ ಹಾಕಿಸಿದೆ. ಮೆಕ್ಯಾನಿಕ್ ಹೆಡ್‌ಲೈಟ್ ವೈರಿಗೇ ಜೋಡಿಸಿದರು. ಎರಡೇ ದಿನಕ್ಕೆ ಮೀಟರ್‌ನಲ್ಲಿ ಎರರ್ ಬಂತು.

ಈಗಿನ ಎಷ್ಟೋ ಬೈಕ್‌ಗಳಲ್ಲಿ ಲೈಟಿಗೆ ಹೋಗುವ ಕರೆಂಟನ್ನು ಕಂಪ್ಯೂಟರ್ ಗಮನಿಸುತ್ತಿರುತ್ತದೆ. ಜಾಸ್ತಿ ಎಳೆದರೆ ಲೈನೇ ಬಂದ್ ಮಾಡಬಹುದು. ಹಾಗಾಗಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್, ಬೇಕೇ ಬೇಕು. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ ರಿಲೇಯ 30ನೇ ನಂಬರ್ ಪಿನ್‌ಗೆ, 87ರಿಂದ ಲೈಟಿಗೆ, 85 ಅರ್ಥಿಂಗ್‌ಗೆ (ಬ್ಯಾಟರಿ ಮೈನಸ್‌ಗೆ). 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ಆಕ್ಸೆಸರಿ ವೈರ್, ನಡುವೆ ಸ್ವಿಚ್. ಇಲ್ಲದಿದ್ದರೆ ಬೆಳಿಗ್ಗೆಗೆ ಬ್ಯಾಟರಿ ಖಾಲಿ! ಎರಡೂ ಲೈಟ್ ಸೇರಿ 40 ವ್ಯಾಟ್ ಇದ್ದರೆ ಸುಮಾರು 3.3 ಆಂಪಿಯರ್, 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ದೂರ ಇಟ್ಟರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ, ಅಲ್ವಾ?

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ವೈರ್ ಬಿಗಿಯಾಗಬಾರದು. ಲೈಟನ್ನು ಸ್ವಲ್ಪ ಕೆಳಗೆ ಬಾಗಿಸಿ. ಎದುರಿಗೆ ಗಾಡಿ ಬಂದರೆ ದಯವಿಟ್ಟು ಆಫ್ ಮಾಡಿ.