ನಿದ್ದೆ ಗುಳಿಗೆ ಕೊಡುವ ಮೊದಲು

ಶಿರಸಿ ಕಡೆಯ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಇಲ್ಲಿರುವ ಹೆಚ್ಚಿನವರಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ. ಮಕ್ಕಳು ಜಾಗ ನೋಡಲು ಬಂದಾಗ ರೂಮು, ಊಟ, ಸಿಸಿಟಿವಿ ಎಲ್ಲ ವಿಚಾರಿಸುತ್ತಾರೆ. "ಸಂಜೆ ಮೇಲೆ ಹಟ ಹಿಡಿದರೆ ಏನು ಮಾಡ್ತೀರಿ?" ಎಂದು ಕೇಳುವವರು ಅಪರೂಪ. ಮೊದಲು ಕೇಳಬೇಕಾದದ್ದು ಅದನ್ನೇ ಅಂತ ನನ್ನ ಅನಿಸಿಕೆ.

ಹೊತ್ತು ಮುಳುಗುವಾಗ ಇವರಿಗೆ ಚಡಪಡಿಕೆ ಜಾಸ್ತಿ. ಮನೆಗೆ ಹೋಗಬೇಕು ಅಂತಾರೆ, ಬಾಗಿಲು ಬಡಿಯುತ್ತಾರೆ. ರಾತ್ರಿ ಪಾಳಿಯಲ್ಲಿ ಕೆಲಸದವರು ಕಡಿಮೆ. ಒಂದು ಗುಳಿಗೆ ಕೊಟ್ಟರೆ ಎಲ್ಲರಿಗೂ ನಿದ್ದೆ! ಆದರೆ ಕ್ವಿಟಿಯಾಪಿನ್, ರಿಸ್ಪೆರಿಡೋನ್ ತರಹದ, ಮೂಲತಃ ಮಾನಸಿಕ ಕಾಯಿಲೆಗೆ ಕೊಡುವ ಗುಳಿಗೆಯಿಂದ ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಮಂಪರಿನಲ್ಲಿ ಬೀಳುವುದು, ತುತ್ತು ಶ್ವಾಸನಾಳಕ್ಕೆ ಇಳಿಯುವುದು ಬೇರೆ. ಬೇಡವೇ ಬೇಡ ಅನ್ನುತ್ತಿಲ್ಲ. ಡಾಕ್ಟರು ಬರೆದರೆ ಕೊಡುತ್ತೇವೆ, ಯಾವಾಗ ನಿಲ್ಲಿಸಬೇಕು ಅಂತ ಅವತ್ತೇ ಕೇಳಿಕೊಳ್ಳುತ್ತೇವೆ. ಅದಕ್ಕೆ ಮೊದಲು ಕಾರಣ ಹುಡುಕುತ್ತೇವೆ.

ಇದಕ್ಕಾಗಿ ರಾತ್ರಿ ಪಾಳಿಗೆ ಒಂದು ಪುಸ್ತಕ ಇಟ್ಟೆ. "ಗಲಾಟೆ ಮಾಡಿದರು" ಅಂತ ಬರೆದು ಬಿಡುವ ಹಾಗಿಲ್ಲ. ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನಾಯಿತು, ಮೂತ್ರ ಮಾಡಿದ್ದು ಯಾವಾಗ, ಸಂಡಾಸಿಗೆ ಹೋಗಿ ಎಷ್ಟು ದಿನ ಆಯಿತು, ನೀರು ಎಷ್ಟು ಕುಡಿದರು, ಹೊಸ ಗುಳಿಗೆ ಏನಾದರೂ ಇದೆಯಾ. ಇಷ್ಟನ್ನು ಬರೆಯಬೇಕು. ಆಯಾಗಳು ಗೊಣಗಿದರು. "ಅಕ್ಕಾ, ಇವರನ್ನ ನೋಡೋದಾ, ಬರೀತಾ ಕೂರೋದಾ?" ಅವರದ್ದೂ ತಪ್ಪಲ್ಲ. ದೇಶದಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಆದರೂ ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ.

ಪುಸ್ತಕದಿಂದ ಮೊದಲು ಹೊರಬಿದ್ದದ್ದು ಮಳೆಗಾಲದ ನೆಗಡಿ ಗುಳಿಗೆ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಕೊಡುವ ಎಷ್ಟೋ ಗುಳಿಗೆಗಳಲ್ಲಿ ಕ್ಲೋರ್‌ಫೆನಿರಮೈನ್ ಎಂಬ ಮಂಪರು ತರಿಸುವ ಅಲರ್ಜಿ ಔಷಧ ಇರುತ್ತದೆ. ಅದು ಮುದುಕರ ತಲೆಯನ್ನು ಇನ್ನಷ್ಟು ಗೊಂದಲ ಮಾಡುತ್ತದೆ, ಮೂತ್ರವನ್ನೂ ಕಟ್ಟಿಸಬಹುದು. ಈಗ ಡಾಕ್ಟರನ್ನು ಕೇಳದೆ ನೆಗಡಿಗೂ ಗುಳಿಗೆ ಇಲ್ಲ. ಇನ್ನೊಂದು ಮಾತು ಎಲ್ಲ ಆಯಾಗಳಿಗೂ ಬಾಯಿಪಾಠ ಮಾಡಿಸಿದ್ದೇನೆ. ಡಿಮೆನ್ಷಿಯಾ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಕಾಯಿಲೆ. ನಿನ್ನೆ ಸರಿ ಇದ್ದವರು ಇವತ್ತು ಒಮ್ಮೆಲೇ ಬದಲಾದರೆ ಬೇರೆ ಏನೋ ಆಗಿದೆ. ಸೋಂಕು, ನೋವು, ಮಲಬದ್ಧತೆ, ನೀರು ಕಡಿಮೆಯಾದದ್ದು, ಯಾವುದೂ ಇರಬಹುದು. ಬೆಳಗಾಗಲಿ ಅಂತ ಕಾಯದೆ ನನಗೆ ಫೋನ್ ಮಾಡಬೇಕು.

ಸಿದ್ದಾಪುರ ಕಡೆಯ ತೋಟದ ಒಬ್ಬ ಅಜ್ಜ ಬಂದರು. ಬಂದ ಹೊಸತರಲ್ಲಿ ಕಿಸೆ ತಡಕುವುದು, ಎಲ್ಲರ ಮೇಲೂ ಸಿಟ್ಟು, ರಾತ್ರಿಯಿಡೀ ಎಚ್ಚರ. "ಮನೇಲಿ ಹಿಂಗಿರಲಿಲ್ಲ" ಎಂದು ಮಗನಿಗೆ ಬೇಜಾರು. ಕವಳ, ಅಂದರೆ ಎಲೆ ಅಡಿಕೆ, ಹಾಕ್ತಿದ್ರಾ ಅಂತ ಕೇಳಿದೆ. "ಓ, ಹೊಗೆಸೊಪ್ಪು ಹಾಕಿ, ದಿನಕ್ಕೆ ಲೆಕ್ಕ ಇಲ್ಲ" ಅಂದರು. ಆಶ್ರಮದ ನಿಯಮ ಅಂತ ಬಾಗಿಲಲ್ಲೇ ಕವಳದ ಸಂಚಿ ತೆಗೆದಿಟ್ಟಿದ್ದರು. ಜೀವಮಾನವಿಡೀ ಇದ್ದ ನಿಕೋಟಿನ್ ಒಂದೇ ದಿನಕ್ಕೆ ನಿಂತರೆ ಯಾರಿಗಾದರೂ ಚಡಪಡಿಕೆ ಆಗುತ್ತದೆ, ಅಲ್ವಾ? ಅವರಿಗೆ ಅದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ ಅಷ್ಟೇ. ಡಾಕ್ಟರು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಬರೆದರು. ನುಂಗಲು ತೊಂದರೆ ಇಲ್ಲ ಅಂತ ಪರೀಕ್ಷೆ ಮಾಡಿಸಿ, ಊಟವಾದ ಮೇಲೆ ಹೊಗೆಸೊಪ್ಪಿಲ್ಲದ ಕವಳವನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ಕೊಟ್ಟೆವು. ಕೂತೇ ಹಾಕಬೇಕು, ಎದುರಿಗೆ ಯಾರಾದರೂ ಇರಬೇಕು. ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರಬಹುದು, ಗೊತ್ತು. ಎಂಬತ್ತು ದಾಟಿದವರ ಜೊತೆ ಆ ಜಗಳಕ್ಕೆ ನಾನು ಹೋಗುವುದಿಲ್ಲ. ಕೆಲವು ವಾರಗಳಲ್ಲಿ ಅವರ ನಿದ್ದೆ ಸರಿಹೋಯಿತು. ಈಗ ಯಾರೇ ಸೇರಿದರೂ ಕವಳ, ಬೀಡಿ, ನಶ್ಯ, ಹೆಂಡ ಎಲ್ಲವನ್ನೂ ಮೊದಲೇ ಕೇಳುತ್ತೇನೆ. ಮಕ್ಕಳಿಗೆ ಮುಜುಗರ ಆಗುತ್ತದೆ, ಆಗಲಿ.

ಕಾರವಾರದ ಒಬ್ಬ ಅಮ್ಮ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಕಾಯಿಲೆ ಬೆಳೆದಂತೆ ಕನ್ನಡ ಹೋಗಿ ಕೊಂಕಣಿ ಮಾತ್ರ ಉಳಿಯಿತು. "ಪೋಟ್ ದುಖ್ತಾ" ಅಂತ ಅಳುತ್ತಿದ್ದರೆ ಘಟ್ಟದ ಮೇಲಿನ ಆಯಾಗಳಿಗೆ ಹೊಟ್ಟೆನೋವು ಅಂತ ಗೊತ್ತಾಗುತ್ತಿರಲಿಲ್ಲ. ಅವರ ಮಗಳ ಹತ್ತಿರ ಇಪ್ಪತ್ತು ಮಾತು ಬರೆಸಿಕೊಂಡು ಮಂಚದ ಪಕ್ಕ ಅಂಟಿಸಿದೆವು.

ಸ್ನಾನದ ಜಗಳ ಸುಲಭದಲ್ಲಿ ಮುಗಿಯಿತು. ತಲೆ ಮೇಲಿಂದ ಸುರಿಯುವ ಶವರ್ ಕಂಡರೆ ನಮ್ಮ ಅಜ್ಜ ಅಜ್ಜಿಯರಿಗೆ ಭಯ. ಬಚ್ಚಲಲ್ಲಿ ಸ್ಟೂಲು, ಬಕೆಟ್ಟು, ಚೊಂಬು ಇಟ್ಟು ಚೊಂಬನ್ನು ಅವರ ಕೈಗೇ ಕೊಟ್ಟೆವು. ನೆಲದ ವಿಷಯದಲ್ಲಿ ಮಾತ್ರ ಇನ್ನೂ ಗೆದ್ದಿಲ್ಲ. ಮಾಲೀಕರಿಗೆ ಹೊಳೆಯುವ ಗ್ರಾನೈಟ್ ಮೇಲೆ ಪ್ರೀತಿ. ನಮ್ಮ ಅಜ್ಜಿಯರಿಗೆ ಅದು ನೀರು ನಿಂತ ಹಾಗೆ ಕಾಣುತ್ತದೆ, ದಾಟಲು ಹೆದರುತ್ತಾರೆ. ಕಪ್ಪು ಮ್ಯಾಟು ಹೊಂಡದ ಹಾಗೆ ಕಾಣುತ್ತದೆ ಅಂತ ಅದನ್ನಂತೂ ತೆಗೆಸಿದ್ದೇನೆ.

ಸಂಜೆ ಆರಕ್ಕೇ ಲೈಟು ಹಾಕುತ್ತೇವೆ, ಕರೆಂಟು ಹೋದರೆ ಇನ್ವರ್ಟರ್ ಇದೆ. "ಹಾಲು ಕರೆಯವು, ಕೊಟ್ಟಿಗೆಗೆ ಹೋಗವು" (ಕರೆಯಬೇಕು, ಹೋಗಬೇಕು) ಅನ್ನುವ ಅಮ್ಮನಿಗೆ ಕೊಟ್ಟಿಗೆ ಇಲ್ಲ ಅಂತ ವಾದ ಮಾಡುವುದಿಲ್ಲ. ಎಮ್ಮೆ ಎಷ್ಟಿತ್ತು, ಯಾವುದು ಒದೆಯುತ್ತಿತ್ತು ಅಂತ ಕೇಳುತ್ತಾ ಅಂಗಳದಲ್ಲಿ ಒಂದು ಸುತ್ತು ಹಾಕಿಸುತ್ತೇವೆ. ದಿನಾ ಇದು ನಡೆಯುತ್ತದೆ ಅಂತಲ್ಲ. ಒಬ್ಬ ಆಯಾ ರಜೆ ಹಾಕಿದರೆ ಎಲ್ಲ ಅಸ್ತವ್ಯಸ್ತ.

ಹುಬ್ಬಳ್ಳಿಗೋ ಮಣಿಪಾಲಕ್ಕೋ ಆಸ್ಪತ್ರೆಗೆ ಕಳಿಸುವಾಗ ಆ ಪುಸ್ತಕದಿಂದ ಒಂದು ಹಾಳೆ ಬರೆದು ಆ್ಯಂಬುಲೆನ್ಸಿನಲ್ಲೇ ಕೊಟ್ಟು ಕಳಿಸುತ್ತೇನೆ. ಯಾವ ಭಾಷೆ, ಏನೆಂದು ಕರೆದರೆ ತಿರುಗುತ್ತಾರೆ, ಯಾವ ಕಿವಿ ಕೇಳುತ್ತದೆ, ನೋವಾದಾಗ ಮುಖ ಹೇಗೆ ಮಾಡುತ್ತಾರೆ. ಗುಳಿಗೆಯ ಪಟ್ಟಿ ಹಾಳೆಯ ಹಿಂಬದಿಗೆ.